ಕಿವಿ ಕೇಳಿಸದ ತಮ್ಮನ ಸಂದರ್ಶನ: ಏನನ್ನು ಕೇಳಿಕೊಳ್ಳಬಹುದು?

ಪ್ರಶ್ನೆ (ಬದಿಯಡ್ಕದಿಂದ)

ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿರುವ ನನ್ನ ತಮ್ಮನಿಗೆ ಶೇ. 60ರಷ್ಟು ಶ್ರವಣದೋಷವಿದೆ. ಶ್ರವಣಯಂತ್ರವಿದ್ದರೂ ಎದುರಿನವರ ತುಟಿ ನೋಡಿಯೇ ಅವನು ಮಾತು ಹಿಡಿಯುವುದು. ಕಳೆದ ತಿಂಗಳು ಕಾಸರಗೋಡಿನ ಖಾಸಗಿ ಸಂಸ್ಥೆಯೊಂದರಲ್ಲಿ ಸಂದರ್ಶಕರು ಕಂಪ್ಯೂಟರಿನತ್ತ ಮುಖ ಮಾಡಿಕೊಂಡೇ ಮಲಯಾಳದಲ್ಲಿ ಪ್ರಶ್ನೆ ಕೇಳಿದರಂತೆ. ಮಲಯಾಳ ಅವನಿಗೆ ಬರುತ್ತದೆ, ಆದರೆ ತುಟಿ ಓದುವ ಅಭ್ಯಾಸವಿರುವುದು ಕನ್ನಡದಲ್ಲಿ. ಎರಡು ಸಲ "ಇನ್ನೊಮ್ಮೆ ಹೇಳಿ" ಎಂದದ್ದಕ್ಕೆ ಹೊರಗೆ ಕಳುಹಿಸಿದರು. ಮುಂದಿನ ವಾರ ಮಂಗಳೂರಿನಲ್ಲಿ ಇನ್ನೊಂದು ಸಂದರ್ಶನವಿದೆ. ಅಂಗವೈಕಲ್ಯದ ಬಗ್ಗೆ ಪ್ರಶ್ನಿಸುವ ಅಧಿಕಾರವೇ ಅವರಿಗಿಲ್ಲವೆಂದು ವಾಟ್ಸಪ್‌ನಲ್ಲಿ ಬಂದ ಸಂದೇಶ ನಿಜವೇ?

ಉತ್ತರ 1 (ಕಾಸರಗೋಡು, ವಕೀಲ)

ಆ ಸಂದೇಶದ ಮೂಲ ಅಮೆರಿಕದ 1990ರ ಕಾನೂನಾಗಿರಬೇಕು. ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ಸಂದರ್ಶನದಲ್ಲಿ ಇಂಥ ಪ್ರಶ್ನೆ ಕೂಡದೆಂಬ ನೇರ ಮಾತಿಲ್ಲ. ಅಲ್ಲಿರುವುದು ಬೇರೆ, ನನ್ನ ಮಟ್ಟಿಗೆ ಹೆಚ್ಚು ಉಪಯೋಗದ್ದು: ಅಭ್ಯರ್ಥಿಗೆ ಅಗತ್ಯವಾದ, ಸಂಸ್ಥೆಗೆ ವಿಪರೀತ ಹೊರೆಯಾಗದ ಅನುಕೂಲವನ್ನು ನಿರಾಕರಿಸುವುದನ್ನೂ ಅದು ತಾರತಮ್ಯವೆಂದೇ ಎಣಿಸುತ್ತದೆ. ಮುಖ ನೋಡಿ ಮಾತನಾಡುವುದು ಯಾರಿಗೂ ಹೊರೆಯಲ್ಲ. ಸರ್ಕಾರಿ ಸಂಸ್ಥೆಗಳನ್ನು 20ನೇ ಕಲಮು ನೇರವಾಗಿಯೇ ಕಟ್ಟಿಹಾಕುತ್ತದೆ. ಖಾಸಗಿಯವರ ವಿಷಯದಲ್ಲಿ ಹಿಡಿತ ಅಷ್ಟು ಬಿಗಿಯಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೂ 21ನೇ ಕಲಮು ಹಾಗೂ ಅದರಡಿಯ ನಿಯಮಗಳಂತೆ ಅವರೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, ನೌಕರರು 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಯ್ಕೆಯ ಕ್ರಮವನ್ನೂ ಅಂಗವಿಕಲರ ನೇಮಕಾತಿ, ಸೌಕರ್ಯಗಳನ್ನು ನೋಡಿಕೊಳ್ಳುವ ಸಂಪರ್ಕಾಧಿಕಾರಿಯ ನೇಮಕವನ್ನೂ ಅದರಲ್ಲಿ ತಿಳಿಸಬೇಕು. ಆ ನೀತಿಯ ಪ್ರತಿಯನ್ನು ಮೊದಲೇ ಕೇಳಿ.

ಉತ್ತರ 2 (ಕುಂಬಳೆ)

ನನಗೆ ದೃಷ್ಟಿ ಮಂದ, ಬ್ಯಾಂಕಿನಲ್ಲಿ ಕೆಲಸ. ಮೊದಲ ಪತ್ರದಲ್ಲೇ ಕಲಮುಗಳನ್ನು ಉದ್ಧರಿಸುವುದು ಬೇಡವೆಂಬುದು ನನ್ನ ಅಭಿಪ್ರಾಯ, ವಕೀಲರು ಕ್ಷಮಿಸಬೇಕು. ಈಗಲೇ ಒಂದು ಇಮೇಲ್ ಕಳುಹಿಸಿ: "ನನಗೆ ಶ್ರವಣದೋಷವಿದೆ. ಸಂದರ್ಶಕರು ನನ್ನೆದುರು ಕುಳಿತು, ಒಬ್ಬೊಬ್ಬರಾಗಿ, ಸಾಧ್ಯವಾದರೆ ಕನ್ನಡದಲ್ಲಿ ಮಾತನಾಡಬೇಕೆಂದು ಕೋರುತ್ತೇನೆ. ಅರ್ಥವಾಗದ ಪ್ರಶ್ನೆಯನ್ನು ಬರೆದು ತೋರಿಸಿದರೆ ಅನುಕೂಲ." ಇಷ್ಟು ಸಾಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಮುಂದೆ ಸಾಕ್ಷಿಯಿರುವುದಿಲ್ಲ. ಇನ್ನೊಂದು ಮಾತು: ಸಂದರ್ಶನದ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕುಳಿತವರ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ತಿಳಿಯುವುದಿಲ್ಲ. ಕುರ್ಚಿ ಬದಲಿಸಿಕೊಳ್ಳಲು ಅವನು ಸಂಕೋಚಪಡಬಾರದು. "ಗ್ರಾಹಕರೊಡನೆ ಹೇಗೆ ಮಾತನಾಡುತ್ತೀರಿ" ಎಂದು ಕೇಳಿದರೆ ಅದನ್ನು ಅವಮಾನವೆಂದು ತಿಳಿಯದೆ, ತಾನು ದಿನವೂ ಮಾಡುವ ರೀತಿಯನ್ನೇ ವಿವರಿಸಲಿ. ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆ ಅದು. ಮದುವೆ, ಹುಟ್ಟು, ಚಿಕಿತ್ಸೆಯ ವಿಚಾರಣೆಗಿಳಿದರೆ "ಇದು ಈ ಹುದ್ದೆಗೆ ಹೇಗೆ ಸಂಬಂಧಿಸಿದ್ದು?" ಎಂದು ಸೌಮ್ಯವಾಗಿ ಕೇಳಬಹುದು.

ಉತ್ತರ 3 (ಮಂಜೇಶ್ವರ)

ಗಡಿಯವರಾದ ನಮಗೊಂದು ತೊಡಕಿದೆ. ಕಾನೂನು ಇಡೀ ದೇಶಕ್ಕೆ ಒಂದೇ, ಆದರೆ ಅಂಗವಿಕಲರ ದೂರು ಕೇಳುವ ರಾಜ್ಯ ಆಯುಕ್ತರು ಬೇರೆ ಬೇರೆ. ತಲಪಾಡಿಯಾಚೆಯ ಸಂಸ್ಥೆಯ ಮೇಲಿನ ದೂರನ್ನು ಕರ್ನಾಟಕದ ಆಯುಕ್ತರಿಗೇ ಕೊಡಬೇಕು, ಕೇರಳದವರಿಗೆ ಕೊಟ್ಟರೆ ಸುಮ್ಮನೆ ದಿನ ಹೋಗುತ್ತದೆ. ಜೊತೆಗೆ ಕೇರಳ ಲೋಕಸೇವಾ ಆಯೋಗದ (ಪಿ.ಎಸ್.ಸಿ.) ಅಧಿಸೂಚನೆಗಳನ್ನೂ ಗಮನಿಸುತ್ತಿರಲಿ: ಸರ್ಕಾರಿ ಹುದ್ದೆಗಳಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗಿರುವ ಶೇ. 4ರ ಮೀಸಲಾತಿಯಲ್ಲಿ ಶೇ. 1 ಶ್ರವಣದೋಷವುಳ್ಳವರದು.

ಪ್ರಶ್ನೆ ಕೇಳಿದವರು

ನಿನ್ನೆ ಇಮೇಲ್ ಕಳುಹಿಸಿದೆವು. ಪ್ರಶ್ನೆಗಳನ್ನು ಬರೆದೂ ಕೊಡುವುದಾಗಿ ಇಂದು ಉತ್ತರ ಬಂದಿದೆ. ನೀತಿಯ ಪ್ರತಿ ಮಾತ್ರ ಇನ್ನೂ ಬಂದಿಲ್ಲ. ಅದನ್ನು ನಾಳೆ ಮತ್ತೆ ಕೇಳುತ್ತೇನೆ.