ಸಹಾಯ ಬೇಕು: ಹಳೆಯ ಟ್ರಕ್ಕಿನ ಬ್ರೇಕ್ ಪೆಡಲ್ ನಿಧಾನವಾಗಿ ಇಳಿದುಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಓಡದೆ ನಿಂತಿದ್ದ ನಮ್ಮ ತಂದೆಯವರ ಟ್ರಕ್ಕನ್ನು ಮನೆಯಲ್ಲಿಯೇ ದುರಸ್ತಿ ಮಾಡುತ್ತಿದ್ದೇನೆ. ಎಂಜಿನ್ ಈಗ ಸರಿಯಾಗಿದೆ, ತೊಡಕಿರುವುದು ಬ್ರೇಕಿನಲ್ಲಿ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದು, ಸೋರುತ್ತಿದ್ದ ವೀಲ್ ಸಿಲಿಂಡರ್‌ಗಳನ್ನೂ ತುಕ್ಕು ಹಿಡಿದ ಪೈಪುಗಳನ್ನೂ ಬದಲಿಸಿ, ಹೊಸ ಡಾಟ್ 3 ಬ್ರೇಕ್ ಆಯಿಲ್ ತುಂಬಿ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ ಗುಳ್ಳೆಗಳು ನಿಲ್ಲುವವರೆಗೂ ಗಾಳಿ ತೆಗೆದಿದ್ದೇನೆ. ಆದರೂ ಪೆಡಲನ್ನು ಒತ್ತಿ ಹಿಡಿದರೆ ಅದು ಮೊದಲು ಗಟ್ಟಿಯಾಗಿ ನಿಂತು, ಅನಂತರ ನಿಧಾನವಾಗಿ ಕೆಳಕ್ಕೆ ಇಳಿಯುತ್ತದೆ. ಹೊರಗೆ ಎಲ್ಲಿಯೂ ಸೋರಿಕೆಯಿಲ್ಲ, ಆಯಿಲ್ ಮಟ್ಟವೂ ಕಡಿಮೆಯಾಗಿಲ್ಲ.

ಗಾಳಿ ಉಳಿದಿದ್ದರೆ ಪೆಡಲ್ ಸ್ಪಂಜಿನಂತೆ ಮೆತ್ತಗಿರಬೇಕಿತ್ತು. ಆದ್ದರಿಂದ ಮಾಸ್ಟರ್ ಸಿಲಿಂಡರ್‌ನೊಳಗಿನ ರಬ್ಬರ್ ಕಪ್ ಸವೆದು, ಆಯಿಲ್ ಅದನ್ನು ದಾಟಿ ಹಿಂದಕ್ಕೆ ಹೋಗುತ್ತಿದೆ ಎಂದು ನನಗನ್ನಿಸುತ್ತದೆ. ಬಿಚ್ಚಿದಾಗ ಒಳಗೋಡೆಯಲ್ಲಿ ತುಕ್ಕಿನ ಸಣ್ಣ ಗುಳಿಗಳು ಕಂಡರೆ, ಹೋನಿಂಗ್ (ಒಳಗೋಡೆಯನ್ನು ಉಜ್ಜಿ ನಯಗೊಳಿಸುವುದು) ಮಾಡಿಸಿ ಹೊಸ ರಬ್ಬರ್ ಕಿಟ್ ಹಾಕಿದರೆ ಬಾಳಿಕೆ ಬರುತ್ತದೆಯೇ, ಅಥವಾ ಇಡೀ ಸಿಲಿಂಡರನ್ನೇ ಬದಲಿಸುವುದು ಕ್ಷೇಮವೇ? ಮೂಲ ಭಾಗಗಳನ್ನು ಆದಷ್ಟು ಉಳಿಸಿಕೊಳ್ಳಬೇಕೆಂಬ ಆಸೆ ನನಗಿದೆ, ಆದರೆ ಬ್ರೇಕಿನ ವಿಷಯದಲ್ಲಿ ಆ ಹಟ ಸಲ್ಲದು. ಈ ಕೆಲಸವನ್ನು ಸ್ವತಃ ಮಾಡಿದ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಅಲ್ಲಿಯವರೆಗೆ ಟ್ರಕ್ಕನ್ನು ರಸ್ತೆಗೆ ಇಳಿಸುವುದಿಲ್ಲ.