ಹೊಲಶೊವಿತ್ಸೆಗೆ ಹೋಗಬೇಕಾ, ಬಿಡಬೇಕಾ? ಹೋಗಿಬಂದವರ ಮಾತು

ಪ್ರಾಗ್‌ನಿಂದ ಪ್ರಶ್ನೆ: ಜುಲೈನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಚೆಕ್ ದೇಶದ ದಕ್ಷಿಣ ಬೊಹೀಮಿಯಾ ಪ್ರಾಂತ್ಯಕ್ಕೆ ಎರಡು ದಿನ ಇಟ್ಟುಕೊಂಡಿದ್ದೇವೆ. ಕೋಟೆಯಿರುವ ಹಳೇ ಪಟ್ಟಣ ಚೆಸ್ಕಿ ಕ್ರುಮ್ಲೊವ್ ಅಂತೂ ಖಚಿತ. ದಾರಿಯಲ್ಲಿ ಹೊಲಶೊವಿತ್ಸೆ ಅಂತ ಒಂದು ಪುಟ್ಟ ಹಳ್ಳಿ ಇದೆ, ಯುನೆಸ್ಕೋ ಪಟ್ಟಿಯಲ್ಲೂ ಇದೆ ಅಂತ ಓದಿದೆ. ಫೋಟೋ ನೋಡಿದರೆ ಒಂದು ಕೆರೆ, ಸುತ್ತ ಮನೆಗಳು, ಅಷ್ಟೇ. ಹೋಗುವಷ್ಟು ಇದೆಯಾ? ಅಪ್ಪ ಅಮ್ಮ ಶುದ್ಧ ಸಸ್ಯಾಹಾರಿಗಳು, ಜಾಸ್ತಿ ನಡೆಯಲಾಗುವುದಿಲ್ಲ.

ಲಿಂಟ್ಸ್‌ನಿಂದ: ನೀವು ಫೋಟೋದಲ್ಲಿ ನೋಡಿದ್ದೇ ಆ ಹಳ್ಳಿ. ಒಳಗೆ ಅರಮನೆ ಗಿರಮನೆ ಏನೂ ಇಲ್ಲ. ಸುಮಾರು 210 ಮೀಟರ್ ಉದ್ದ, 70 ಮೀಟರ್ ಅಗಲದ ಹುಲ್ಲಿನ ಬಯಲು, ಅದರಲ್ಲಿ ಒಂದು ಕೆರೆ, ಒಂದು ಚಾಪೆಲ್ (ಪುಟ್ಟ ಪ್ರಾರ್ಥನಾ ಮಂದಿರ), ಒಂದು ಹಳೇ ಕಮ್ಮಾರಸಾಲೆ. ಬಯಲಿನ ಸುತ್ತ ಬಣ್ಣ ಬಳಿದ ರೈತರ ಮನೆಗಳು. ಎಲ್ಲ ಸಮತಟ್ಟು, ಹಿರಿಯರಿಗೆ ಏನೂ ಕಷ್ಟವಿಲ್ಲ. ಕ್ರುಮ್ಲೊವ್‌ನ ಕಲ್ಲುಹಾಸಿನ ಏರಿಳಿತಕ್ಕಿಂತ ಇದೇ ಅವರಿಗೆ ಹಿತ ಅನ್ನಿಸಬಹುದು.

ಆದರೆ ಕಾರಿದ್ದರೆ ಮಾತ್ರ ಹೋಗಿ. ಚೆಸ್ಕೆ ಬುದ್ಯೆಯೊವಿತ್ಸೆ ನಗರದಿಂದ ಪಶ್ಚಿಮಕ್ಕೆ 15 ಕಿ.ಮೀ. ಆಸುಪಾಸು. ಬಸ್ಸಿದೆ, ಆದರೆ ಶನಿವಾರ ಭಾನುವಾರ ತೀರಾ ಕಡಿಮೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯುವುದೇ ಅವತ್ತಿನ ಕೆಲಸ.

ಬ್ರನೋದಿಂದ: ಕತೆ ಗೊತ್ತಿಲ್ಲದೆ ಹೋದರೆ ಅರ್ಧ ಗಂಟೆಯಲ್ಲಿ ಬೇಜಾರಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಈ ಊರಿನ ಹೆಸರು ಮೊದಲು ದಾಖಲೆಯಲ್ಲಿ ಬರುವುದು 1263ರಲ್ಲಿ. 1292ರಲ್ಲಿ ರಾಜ ಎರಡನೇ ವಾತ್ಸ್ಲಾವ್ ಇದನ್ನು ವಿಶ್ಶಿ ಬ್ರೋದ್ ಅನ್ನುವ ಊರಿನ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ದಾನ ಕೊಟ್ಟ. 1848ರವರೆಗೂ ರೈತರು ಮಠದ ಒಕ್ಕಲು. ನಡುವೆ 1520ರಿಂದ 1525ರೊಳಗೆ ಪ್ಲೇಗ್ ಬಂತು. ಇಬ್ಬರನ್ನು ಬಿಟ್ಟು ಊರಿಗೆ ಊರೇ ಸತ್ತಿತು ಅನ್ನುತ್ತಾರೆ. ಭೂಮಿ ಪಾಳು ಬಿದ್ದರೆ ಮಠಕ್ಕೆ ಗೇಣಿ ಎಲ್ಲಿಂದ ಬರಬೇಕು? ಬವೇರಿಯಾ, ಆಸ್ಟ್ರಿಯಾ ಕಡೆಯಿಂದ ಒಕ್ಕಲುಗಳನ್ನು ತಂದು ಕೂರಿಸಿದರು. ಹಾಗಾಗಿ ಇದು ಮುಂದೆ ಜರ್ಮನ್ ಮಾತಾಡುವ ಊರಾಯಿತು. 1895ರ ಲೆಕ್ಕದಲ್ಲಿ 157 ಜನ ಜರ್ಮನ್ನರು, 19 ಜನ ಚೆಕ್ಕರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಜರ್ಮನ್ನರನ್ನು ಹೊರಗೆ ಕಳಿಸಿದರು. ಎಷ್ಟೋ ಮನೆಗಳಿಗೆ ಬೀಗ ಬಿತ್ತು. ವಿಚಿತ್ರ ಅಂದರೆ ಈ ಮನೆಗಳು ಉಳಿದುಕೊಂಡಿದ್ದಕ್ಕೆ ಅದೂ ಒಂದು ಕಾರಣ. ಕಮ್ಯುನಿಸ್ಟರ ಕಾಲದಲ್ಲಿ ಇಲ್ಲಿ ಕೆಡವಿ ಹೊಸದು ಕಟ್ಟಲು ಯಾರೂ ಮುಂದಾಗಲಿಲ್ಲ. 1990ರಿಂದ ದುರಸ್ತಿ ಶುರುವಾಯಿತು, 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮುದ್ದಾದ ಹಳ್ಳಿ ಅಂತ ಎಲ್ಲರೂ ಬರೆಯುತ್ತಾರೆ. ಎರಡು ಸಲ ಖಾಲಿಯಾದ ಊರು ಅಂತ ತಿಳಿದು ನೋಡಿದರೆ ಆ ಚೆಂದ ಬೇರೆ ಥರ ಕಾಣುತ್ತದೆ.

ಮ್ಯೂನಿಕ್‌ನಿಂದ: ಮನೆಗಳನ್ನು ನೋಡುವುದು ಹೇಗೆ ಅಂತ ನಾನು ಹೇಳುತ್ತೇನೆ. ಒಂದೊಂದು ರೈತನ ಮನೆಗೂ ಬಯಲಿನ ಕಡೆಗೆ ಎರಡು ಮುಖ. ಒಂದು ವಾಸದ ಮನೆ, ಇನ್ನೊಂದು ಸಾಮಾನ್ಯವಾಗಿ ಕಣಜ. ನಡುವೆ ಗೋಡೆ, ಅದರಲ್ಲಿ ಗಾಡಿ ಹೋಗುವಷ್ಟು ಅಗಲದ ಕಮಾನು ಬಾಗಿಲು. ಒಳಗೆ ಅಂಗಳ, ಹಿಂದೆ ಕೊಟ್ಟಿಗೆ, ಹುಲ್ಲಿನ ಕೊಟ್ಟಿಗೆ, ಆಮೇಲೆ ತೋಟ, ಹೊಲ. ಈ ನಿವೇಶನಗಳ ಅಳತೆ ಮಧ್ಯಯುಗದ್ದೇ. ಮೇಲಿನ ಅಲಂಕಾರ ಮಾತ್ರ 19ನೇ ಶತಮಾನದ್ದು.

ಮನೆಗಳ ಮುಂಭಾಗದಲ್ಲಿ ಸೂರಿನ ಕೆಳಗಿರುವ ಸುರುಳಿ ಸುರುಳಿಯಾದ ತ್ರಿಕೋನ ಗೋಡೆಗಳ ಮೇಲೆ ಗಾರೆಯಲ್ಲಿ ಇಸವಿ ಬರೆದಿರುತ್ತಾರೆ, ಅದನ್ನು ಓದುತ್ತಾ ಹೋಗಿ. ನಗರಗಳಲ್ಲಿ ಬರೋಕ್ ಅನ್ನುವ ಅಲಂಕಾರ ತುಂಬಿದ ಕಟ್ಟಡ ಶೈಲಿ ಮುಗಿದು ಎಷ್ಟೋ ಕಾಲವಾದ ಮೇಲೆ ಇಲ್ಲಿನ ರೈತರು ಅದನ್ನು ತಮ್ಮ ಮನೆಗೆ ತಂದುಕೊಂಡರು. ಇದನ್ನು ಹಳ್ಳಿ ಬರೋಕ್ ಅನ್ನುತ್ತಾರೆ. ಪಕ್ಕದ ಮನೆಯವನಿಗಿಂತ ನಮ್ಮದು ಒಂದು ಕೈ ಮೇಲಿರಲಿ ಅನ್ನುವ ಪೈಪೋಟಿ ನನಗಂತೂ ಎದ್ದು ಕಾಣುತ್ತದೆ!

ಚಾಪೆಲ್ 1755ರದು, ಯಾನ್ ನೆಪೊಮುಕ್ ಅನ್ನುವ ಸಂತನದು. ಪ್ರಾಗ್‌ನ ಚಾರ್ಲ್ಸ್ ಸೇತುವೆ ಮೇಲೆ ಒಂದು ಪ್ರತಿಮೆಯ ಬುಡವನ್ನು ಎಲ್ಲರೂ ಮುಟ್ಟಿ ಮುಟ್ಟಿ ಹೊಳೆಯುವಂತೆ ಮಾಡಿದ್ದಾರಲ್ಲ, ಅದೇ ಸಂತ. 1393ರಲ್ಲಿ ಅವನ ಹೆಣವನ್ನು ನದಿಗೆ ಎಸೆದದ್ದು ಅಲ್ಲಿಂದಲೇ. ಅಪ್ಪ ಅಮ್ಮನಿಗೆ ಮೊದಲು ಸೇತುವೆ ತೋರಿಸಿ.

ಹಳ್ಳಿಯ ಅಂಚಿನಲ್ಲಿ ನಿಲ್ಲಿಸಿದ ಕಲ್ಲುಗಳ ಒಂದು ವೃತ್ತವಿದೆ. ಪುರಾತನ ಅಂದುಕೊಳ್ಳಬೇಡಿ, ಅದು ಈಚಿನದು. ಮಕ್ಕಳಿದ್ದರೆ ಹೋಗಿ, ಇಲ್ಲದಿದ್ದರೆ ಸುಮ್ನೆ ಬಿಡಿ.

ಪ್ರಾಗ್‌ನಿಂದ ಇನ್ನೊಬ್ಬರು: ಜುಲೈ ಅಂದಿರಿ. ತಿಂಗಳ ಕೊನೆಯ ವಾರಾಂತ್ಯಕ್ಕೆ ಇಲ್ಲಿ ರೈತರ ಹಬ್ಬ ನಡೆಯುತ್ತದೆ. ಬಯಲಿನ ತುಂಬಾ ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರು, ಕಮ್ಮಾರರು, ಹಾಡು, ಕುಣಿತ. ನಿಮ್ಮ ತಂದೆ ತಾಯಿಗೆ ಸಂತೆ ಜಾತ್ರೆ ಇಷ್ಟವಾದರೆ ಅದೇ ದಿನ ಹೋಗಿ. ಮನೆಗಳ ಫೋಟೋ ಬೇಕು ಅನ್ನುವವರು ಆ ಮೂರು ದಿನ ಹತ್ತಿರ ಸುಳಿಯಬೇಡಿ.

ಊಟದ ವಿಷಯ: ಈ ಕಡೆಯ ಹಳ್ಳಿ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ಸಾಮಾನ್ಯವಾಗಿ ಸಿಗುವುದು ಕರಿದ ಚೀಸ್, ಜೊತೆಗೆ ಆಲೂಗಡ್ಡೆ. ಹಣ್ಣು ತುಂಬಿದ ಕ್ನೆದ್ಲೀಕಿಯೂ ಸಿಗಬಹುದು, ಅಂದರೆ ಹಿಟ್ಟಿನ ಉಂಡೆ ಬೇಯಿಸಿ ಮೇಲೆ ಬೆಣ್ಣೆ, ಸಕ್ಕರೆ ಹಾಕಿದ್ದು. ನಮ್ಮಮ್ಮ ಸಿಹಿ ಕಡುಬು ಅಂತಲೇ ತಿಂದರು. ಹಿಟ್ಟಿಗೆ ಮೊಟ್ಟೆ ಹಾಕುವುದುಂಟು, ಕೇಳಿಕೊಳ್ಳಿ. ಸೂಪ್ ಮಾತ್ರ ನಂಬಬೇಡಿ, ಬೆಳ್ಳುಳ್ಳಿ ಸೂಪ್ ಅಂದರೂ ಮಾಂಸದ ನೀರಿನಲ್ಲೇ ಕುದಿಸಿರಬಹುದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕಾರು ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ಕ್ರುಮ್ಲೊವ್ ಮೊದಲೋ, ಇದು ಮೊದಲೋ?

ಲಿಂಟ್ಸ್‌ನಿಂದ: ಇದೇ ಮೊದಲು. ಬುದ್ಯೆಯೊವಿತ್ಸೆಯ ದೊಡ್ಡ ಚೌಕದಲ್ಲಿ ಕಾಫಿ ಕುಡಿದು ಹೊರಡಿ, ಹೊಲಶೊವಿತ್ಸೆ ನೋಡಿಕೊಂಡು ಸಂಜೆಗೆ ಕ್ರುಮ್ಲೊವ್ ಸೇರಿ. ಅಷ್ಟು ಹೊತ್ತಿಗೆ ಅಲ್ಲಿ ಪ್ರವಾಸಿ ಬಸ್ಸುಗಳೂ ವಾಪಸ್ ಹೊರಟಿರುತ್ತವೆ. ಇನ್ನೊಂದು ಮಾತು: ಆ ಮನೆಗಳಲ್ಲಿ ಇವತ್ತಿಗೂ ಜನ ಇದ್ದಾರೆ. ಕಮಾನು ಬಾಗಿಲು ತೆರೆದಿದೆ ಅಂತ ಅಂಗಳಕ್ಕೆ ನುಗ್ಗಬೇಡಿ. ಒಳಗಡೆ ಹೇಗಿರುತ್ತದೆ ಅಂತ ನೋಡಬೇಕಿದ್ದರೆ, ಹಳೇ ಕೃಷಿ ಸಾಮಾನು ಇಟ್ಟಿರುವ ಮ್ಯೂಸಿಯಂ ಇದೆ, ಅಲ್ಲಿಗೆ ಟಿಕೆಟ್ ತೆಗೆದುಕೊಂಡು ಹೋಗಿ.