ಥೈರಾಯ್ಡ್ ಗಡ್ಡೆಗೆ ಹುಬ್ಬಳ್ಳಿಗೆ ಬರೆದುಕೊಟ್ಟಿದ್ದಾರೆ, ಹೋಗುವ ಮುಂಚೆ ಏನೇನು ಕೇಳಿಕೊಳ್ಳಬೇಕು?

ಶಿರಸಿ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಶಿರಸಿ ಹತ್ತಿರ ಖಾಸಗಿ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಕತ್ತಿನ ಬಲಗಡೆ ಒಂದು ಗಡ್ಡೆ ಇದೆ. ಅದನ್ನು ಮೊದಲು ನೋಡಿದ್ದು ಕ್ಲಾಸಿನ ಒಂದು ಮಗು. ನಾನು ನೀರು ಕುಡಿಯುವಾಗ "ಮಿಸ್, ನಿಮ್ಮ ಗಂಟಲಲ್ಲಿ ಏನೋ ಮೇಲೆ ಕೆಳಗೆ ಓಡ್ತಿದೆ" ಅಂತು. ನೋವಿಲ್ಲ. ಥೈರಾಯ್ಡ್‌ನ ರಕ್ತಪರೀಕ್ಷೆ ಟಿಎಸ್‌ಎಚ್ ನಾರ್ಮಲ್. ಸ್ಕ್ಯಾನಿಂಗ್ ಆಯಿತು, ಸೂಜಿ ಚುಚ್ಚಿ ಎಫ್‌ಎನ್‌ಎಸಿಯೂ ಆಯಿತು. ರಿಪೋರ್ಟಿನಲ್ಲಿ "ಫಾಲಿಕ್ಯುಲರ್ ನಿಯೋಪ್ಲಾಸಂ, ಬೆಥೆಸ್ಡಾ 4" ಅಂತ ಇದೆ. ಡಾಕ್ಟರು ಹುಬ್ಬಳ್ಳಿಗೆ ಚೀಟಿ ಬರೆದು, "ಆಪರೇಷನ್ ಬೇಕಾಗಬಹುದು, ಅಲ್ಲಿ ಹೇಳ್ತಾರೆ" ಅಂದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರು, ನನಗೂ ಬಾಯಿ ಬರಲಿಲ್ಲ.

ಇದು ಕ್ಯಾನ್ಸರ್ ಹೌದೋ ಅಲ್ಲವೋ? ಸೂಜಿ ಚುಚ್ಚಿದ ಮೇಲೂ ಯಾಕೆ ಗೊತ್ತಾಗಲ್ಲ? ದನಿ ಹೋಗುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ದನಿ ಹೋದರೆ ನನ್ನ ಕೆಲಸವೇ ಹೋಯಿತು. ಬಿಪಿ, ಶುಗರ್ ಎರಡಕ್ಕೂ ಮಾತ್ರೆ ತಗೊಳ್ತೀನಿ. ಬಿಪಿಎಲ್ ಕಾರ್ಡ್ ಇದೆ. ನಮ್ಮ ಯಜಮಾನರು "ಎಲ್ಲಾ ಡಾಕ್ಟರೇ ನೋಡ್ಕೋತಾರೆ ಬಿಡು" ಅಂತಾರೆ. ಅವರಿಗೇನು, ಕತ್ತು ನಂದು ಅಲ್ವಾ!

ಧಾರವಾಡದ ಅಕ್ಕ

ಟೀಚರಮ್ಮ, ನನಗೂ ಇದೇ ಬೆಥೆಸ್ಡಾ 4 ಬಂದಿತ್ತು. ಸೂಜಿ ರಿಪೋರ್ಟನ್ನು 1ರಿಂದ 6ರವರೆಗೆ ಗುಂಪು ಮಾಡುತ್ತಾರೆ, ಅದರಲ್ಲಿ ನಾಲ್ಕನೇದು ಇದು. ಅರ್ಧ ಥೈರಾಯ್ಡ್ ತೆಗೆಸಿಕೊಂಡು ಈಗ ಆರಾಮಾಗಿದ್ದೇನೆ.

ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶ ಮಾತ್ರ. ಫಾಲಿಕ್ಯುಲರ್ ಗಡ್ಡೆಯಲ್ಲಿ ಸಾದಾ ಗಡ್ಡೆಯ ಕೋಶವೂ ಕ್ಯಾನ್ಸರಿನ ಕೋಶವೂ ನೋಡಲಿಕ್ಕೆ ಒಂದೇ ಥರ. ಗಡ್ಡೆಯ ಸುತ್ತ ಒಂದು ಪೊರೆ ಇರುತ್ತದೆ. ಕೋಶಗಳು ಆ ಪೊರೆ ದಾಟಿವೆಯೋ, ರಕ್ತನಾಳದೊಳಗೆ ಹೊಕ್ಕಿವೆಯೋ ಅಂತ ನೋಡಿದರೇ ಗೊತ್ತಾಗೋದು. ಅದಕ್ಕೆ ಇಡೀ ಗಡ್ಡೆ ಹೊರಗೆ ಬಂದು ಬಯಾಪ್ಸಿಗೆ ಹೋಗಬೇಕು. ಈ ಗುಂಪಿನಲ್ಲಿ ಜಾಸ್ತಿ ಗಡ್ಡೆಗಳು ಕ್ಯಾನ್ಸರ್ ಅಲ್ಲದವೇ. ಆದರೂ ಬಯಾಪ್ಸಿ ಬರುವವರೆಗೆ ಯಾರೂ ಖಾತ್ರಿ ಕೊಡಲ್ಲ.

ದನಿಯ ನರ ಗ್ರಂಥಿಯ ಹಿಂದೆಯೇ ಹಾದುಹೋಗುತ್ತದೆ, ಹೆದರಿಕೆ ಸುಳ್ಳಲ್ಲ. ಕೆಲವು ವಾರ ದನಿ ಗೊಗ್ಗರಾಗುವುದುಂಟು. ಕೈ ಪಳಗಿದ ಸರ್ಜನ್ ಮಾಡಿದರೆ ದನಿ ಪೂರ್ತಿ ಕೆಡುವುದು ಅಪರೂಪ. ಎತ್ತರದ ಸ್ವರಕ್ಕೆ ಇನ್ನೊಂದು ಸಣ್ಣ ನರ ಇದೆ. ಅದಕ್ಕೆ ಪೆಟ್ಟಾದರೆ ಮಾತು ಸರಿಯಿದ್ದರೂ ಕೂಗಲಿಕ್ಕೆ ಆಗಲ್ಲ, ಹಾಡಲಿಕ್ಕೆ ಆಗಲ್ಲ. ಹಾಗಾಗಿ ಒಳಗೆ ಕಾಲಿಡುತ್ತಲೇ "ನಾನು ಟೀಚರ್, ದಿನವಿಡೀ ಮಾತಾಡಬೇಕು" ಅಂತ ಹೇಳಿ. ಕ್ಯಾಮೆರಾ ನಳಿಗೆ ಹಾಕಿ ಧ್ವನಿಪೆಟ್ಟಿಗೆ ನೋಡುತ್ತೀರಾ, ಯಾವಾಗ ಅಂತ ಕೇಳಿ. ಇಂಥ ಆಪರೇಷನ್ ತಿಂಗಳಿಗೆ ಎಷ್ಟು ಮಾಡುತ್ತೀರಿ ಅಂತಲೂ ಕೇಳಿ. ಒಳ್ಳೆ ಡಾಕ್ಟರಿಗೆ ಸಿಟ್ಟು ಬರಲ್ಲ.

ಅರ್ಧ ತೆಗೆಯುತ್ತಾರೋ ಪೂರ್ತಿಯೋ ಅನ್ನುವುದೂ ಮುಖ್ಯ. ಪೂರ್ತಿ ತೆಗೆದರೆ ಜೀವನಪೂರ್ತಿ ಥೈರಾಕ್ಸಿನ್ ಅನ್ನುವ ಥೈರಾಯ್ಡ್ ಹಾರ್ಮೋನ್ ಮಾತ್ರೆ. ಹಿಂದಿರುವ, ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಅನ್ನುವ ಸಣ್ಣ ಗ್ರಂಥಿಗಳು ಮಂಕಾಗಿ ಕ್ಯಾಲ್ಸಿಯಂ ಇಳಿಯಬಹುದು, ತುಟಿ, ಬೆರಳು ಜುಮ್ಮನ್ನುತ್ತವೆ. ಅರ್ಧವಾದರೆ ಆ ತೊಂದರೆ ತೀರಾ ಕಮ್ಮಿ. ಮಾತ್ರೆ ಕೆಲವರಿಗೆ ಬೇಕು, ಕೆಲವರಿಗೆ ಬೇಡ. ನನಗೆ ಬೇಕಾಯಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಬಂದರೆ ಉಳಿದರ್ಧಕ್ಕೆ ಇನ್ನೊಂದು ಸಲ ಕೊಯ್ಯುತ್ತೀರಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ರಿಪೋರ್ಟ್ ಅಷ್ಟೇ ಸಾಲದು, ಲ್ಯಾಬಿನಿಂದ ಆ ಕೋಶ ಹಚ್ಚಿಟ್ಟ ಗಾಜಿನ ಸ್ಲೈಡನ್ನೂ ಇಸ್ಕೊಳ್ಳಿ. ಹುಬ್ಬಳ್ಳಿಯ ಪೆಥಾಲಜಿಯವರು ತಾವೇ ಇನ್ನೊಮ್ಮೆ ನೋಡುತ್ತೇವೆ ಅನ್ನಬಹುದು. ಸ್ಲೈಡ್ ಇಲ್ಲದಿದ್ದರೆ ಮತ್ತೆ ಸೂಜಿ ಚುಚ್ಚಬೇಕಾಗಬಹುದು.

ಓಟಿ ಸಿಸ್ಟರ್

ಮೇಡಂ, ಮಾತ್ರೆ ಹೆಸರು ಬಾಯಲ್ಲಿ ಹೇಳಬೇಡಿ, ಮಾತ್ರೆಯ ಸ್ಟ್ರಿಪ್ಪುಗಳನ್ನೇ ತಗೊಂಡು ಹೋಗಿ. "ಬಿಳಿ ಗುಂಡು ಮಾತ್ರೆ, ಬೆಳಗ್ಗೆ ಒಂದು" ಅಂತ ದಿನಾ ಕೇಳ್ತೀವಿ ನಾವು, ಅದರಲ್ಲಿ ಏನು ಗೊತ್ತಾಗಬೇಕು? ಇಕೋಸ್ಪ್ರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಶುಗರ್ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಡಾಪಾಗ್ಲಿಫ್ಲೋಜಿನ್ ಅಂತ ಇದೆಯಾ ನೋಡಿ, ಅದನ್ನು ಕೆಲವು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ನಾಟಿ ಔಷಧಿ, ಕಷಾಯ ತಗೊಳ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಅರಿವಳಿಕೆ ಡಾಕ್ಟರು ಬೇರೆಯಾಗಿ ನೋಡುತ್ತಾರೆ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ಅವರಿಗೆ ಹೇಳಿ. ಊಟ ಬಿಟ್ಟು 6 ಗಂಟೆ, ನೀರು ಬಿಟ್ಟು 2 ಗಂಟೆ ಅನ್ನುವುದು ಸಾಮಾನ್ಯ ಲೆಕ್ಕ, ನಿಮಗೆ ಹೇಳಿದ ಟೈಮೇ ಕೊನೆ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರಲ್ಲ! ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕ್ತೀವಿ, ಉಗುರು ಬಣ್ಣ ಬೇಡ. ತಾಳಿ, ಕಾಲುಂಗುರ, ಬಳೆ ತೆಗೆಸುತ್ತಾರೆ. ಕಾಲುಂಗುರ ಬಿಗಿಯಿದ್ದರೆ ಮನೆಯಲ್ಲೇ ಸೋಪು ಹಚ್ಚಿ ತೆಗೆದುಬಿಡಿ. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಅದನ್ನು ಎಳೆಯುತ್ತಾ ಕೂತರೆ ನಿಮಗೂ ಕಷ್ಟ, ನಮಗೂ ಕಷ್ಟ.

ಗದಗ ಗೆಳೆಯ

ಖರ್ಚಿನ ಬಗ್ಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ಅವರ ರೆಫರಲ್ ಪತ್ರ ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆ. ನಿಮ್ಮ ಚೀಟಿ ಖಾಸಗಿ ಕ್ಲಿನಿಕ್ಕಿನದ್ದಾ, ಸರ್ಕಾರಿಯದ್ದಾ? ಕ್ಲಿನಿಕ್ಕಿನದ್ದಾದರೆ ಯೋಜನೆಗೆ ನಡೆಯಲ್ಲ. ರೇಷನ್ ಕಾರ್ಡು, ಆಧಾರ್ ಹಿಡ್ಕೊಂಡು ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಾಣಿ.

ಶಿರಸಿ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೀಟಿ ಕ್ಲಿನಿಕ್ಕಿನದ್ದೇ! ನಾಳೆ ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸುತ್ತೇನೆ. ಲ್ಯಾಬಿಗೆ ಫೋನ್ ಮಾಡಿದೆ, ಸ್ಲೈಡಿಗೆ ಒಂದು ಅರ್ಜಿ ಬರೆದುಕೊಡಿ ಅಂದರು. ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಯಜಮಾನರ ಕೈಗೆ ಕೊಟ್ಟಿದ್ದೇನೆ. ಅಲ್ಲಿ ನನಗೆ ಬಾಯಿ ಬರದಿದ್ದರೆ ಅವರೇ ಓದಿ ಕೇಳಲಿ. ಅಂದಹಾಗೆ ಅಕ್ಕಾ, ಎಷ್ಟು ದಿನಕ್ಕೆ ಕ್ಲಾಸಿಗೆ ಹೋಗಬಹುದು? ಹೆಡ್‌ಮಿಸ್ ಈಗಲೇ ರಜೆ ಲೆಕ್ಕ ಕೇಳ್ತಿದ್ದಾರೆ.

ಧಾರವಾಡದ ಅಕ್ಕ

ಮನೆಕೆಲಸಕ್ಕೆ ಒಂದೆರಡು ವಾರ ಸಾಕು. ಕ್ಲಾಸು ಬೇರೆ ವಿಷಯ, ಅಲ್ಲಿ ಕೂಗಬೇಕಾಗುತ್ತದೆ. ಹೆಡ್‌ಮಿಸ್‌ಗೆ ಈಗಲೇ ತಾರೀಖು ಕೊಡಬೇಡಿ. ಆಪರೇಷನ್ ಆದ ಮೇಲೆ ದನಿ ನೋಡಿ ಡಾಕ್ಟರಿಂದಲೇ ಬರೆಸಿಕೊಳ್ಳಿ.